ಚೌಲದಲ್ಲಿ ಹಿಡಿದ ಮಳೆ, ಜುನ್ನರಿನಲ್ಲಿ ನಿಂತ ಕುದುರೆ

ಬೀದರಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ಕೇಳಿದರೆ ನಮ್ಮ ಭಾಗದ ಬಹುತೇಕರು ನಕ್ಕುಬಿಡುತ್ತಾರೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ನಾನು ಭಾರತದ ಭೂಪಟವನ್ನು ಗೋಡೆಗೆ ತೂಗುಹಾಕಿ, ನಮ್ಮೂರಿಗೆ ಹತ್ತಿರದ ಬಂದರು ಯಾವುದೆಂದು ಮಕ್ಕಳನ್ನು ಕೇಳುತ್ತಿದ್ದೆ. ಬೆರಳು ಜನವಾಡದಿಂದ ಹೊರಟು ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ಅಲೆದಾಡಿ, ಕೊನೆಗೆ ಗುರುತಿನ ಹೆಸರೆಂಬ ಒಂದೇ ಕಾರಣದಿಂದ ಮುಂಬಯಿಯ ಮೇಲೆ ನಿಲ್ಲುತ್ತಿತ್ತು. ಮಾಂಜ್ರಾ ನದಿಯ ನೀರನ್ನು ಬಿಟ್ಟರೆ ಬೇರೆ ದೊಡ್ಡ ನೀರನ್ನು ಕಾಣದ ಮಕ್ಕಳಿಗೆ ಸಮುದ್ರವೆಂಬುದು ಭೂಪಟದ ನೀಲಿ ಬಣ್ಣ ಮಾತ್ರವಾಗಿತ್ತು.

ಆದರೆ ಹದಿನೈದನೆಯ ಶತಮಾನದ ಬೀದರ ಸಮುದ್ರವನ್ನು ನಂಬಿ ಬದುಕಿದ ನಗರ. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ ಮೇಲೆ, ಇರಾನಿನ ಶಿಲ್ಪಿಗಳು, ಬರಹಗಾರರು, ಸೂಫಿಗಳು, ಸೈನಿಕರು, ವರ್ತಕರು ಈ ಕೆಂಪುಕಲ್ಲಿನ ಪ್ರಸ್ಥಭೂಮಿಗೆ ಬಂದರು. ಬಂದವರು ಹೆಚ್ಚಿನಂಶ ಹಡಗಿನಲ್ಲಿಯೇ ಬಂದರು. 1472ರಲ್ಲಿ ಪೂರ್ಣಗೊಂಡ ಮದರಸಾದ ಗೋಡೆಯ ಮೇಲೆ ಇಂದಿಗೂ ಅಲ್ಲಲ್ಲಿ ಉಳಿದಿರುವ ನೀಲಿ ಹಸಿರು ಹೆಂಚುಗಳ ಕಲೆ ಇರಾನಿನದು. ಅದನ್ನು ಕಟ್ಟಿಸಿದ ವಜೀರ ಮಹಮೂದ್ ಗವಾನನು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್ ಪ್ರಾಂತದವನು. ವರ್ತಕನಾಗಿ 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದವನು. ಎಲ್ಲಕ್ಕಿಂತ ಹೆಚ್ಚಾಗಿ, ರಾಜ್ಯದ ಬಲವೇ ಆಗಿದ್ದ ಕುದುರೆಗಳು ಅರಬಸ್ತಾನದಿಂದ, ಪರ್ಷಿಯಾದಿಂದ ಚೌಲ, ದಾಭೋಳ, ಗೋವಾ ಬಂದರುಗಳ ಮೂಲಕವೇ ಬರಬೇಕಿತ್ತು.

ಈ ಸಮುದ್ರದ ಬಾಗಿಲು ವರ್ಷವಿಡೀ ತೆರೆದಿರುತ್ತಿರಲಿಲ್ಲ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಸುಲ್ತಾನರ ಪಟ್ಟಿ ಇರುತ್ತದೆ, ಯುದ್ಧಗಳ ಇಸವಿ ಇರುತ್ತದೆ, ಮಳೆ ಮಾತ್ರ ಇರುವುದಿಲ್ಲ. ನೈರುತ್ಯ ಮಾರುತ ಎದ್ದ ಮೇಲೆ ಜೂನ್ ತಿಂಗಳಿನಿಂದ ಆಗಸ್ಟ್ ಕಡೆಯವರೆಗೆ ಕೊಂಕಣದ ಕಡಲಿನಲ್ಲಿ ಹಾಯಿಹಡಗು ನಡೆಯುವಂತಿರಲಿಲ್ಲ. ಬಂದರುಗಳು ಮುಚ್ಚಿದಂತೆಯೇ. ಇತ್ತ ಒಳನಾಡಿನಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. ಮಿರಗದ ಮಳೆ ಬಿದ್ದ ಮೇಲೆ ನಮ್ಮ ಭಾಲ್ಕಿ, ಔರಾದ ಕಡೆಯ ಎರೆಹೊಲದಲ್ಲಿ ನಡೆದು ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಒಂದೊಂದು ಚಪ್ಪಲಿಗೂ ಸೇರು ಮಣ್ಣು ಅಂಟಿರುತ್ತದೆ. ಬಂಡಿ ನಿಲ್ಲುತ್ತದೆ, ಒಂಟೆ ಜಾರುತ್ತದೆ, ದಂಡು ಬಿಡಾರ ಹೂಡುತ್ತದೆ. ಬಹಮನಿ ರಾಜ್ಯದ ನಿಜವಾದ ಪಂಚಾಂಗವೆಂದರೆ ಈ ಮಳೆ ನಕ್ಷತ್ರಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥದೊಂದು ಮಳೆಗಾಲದಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯನ ಹಾಗೂ ಅವನ ಒಂದು ಕುದುರೆಯ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ಆತನ ಹೆಸರು ಅಫನಾಸಿ ನಿಕಿತಿನ್. ರಷ್ಯಾದ ವೋಲ್ಗಾ ನದಿಯ ಮೇಲಿನ ತ್ವೆರ್ ಪಟ್ಟಣದ ವರ್ತಕ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬರುವುದಕ್ಕಿಂತ ಕಾಲು ಶತಮಾನಕ್ಕೂ ಹಿಂದೆ ನಮ್ಮ ನೆಲಕ್ಕೆ ಕಾಲಿಟ್ಟವನು. ಸಂಗಡಿಗರೊಂದಿಗೆ ವೋಲ್ಗಾ ನದಿಯಲ್ಲಿ ಸರಕು ತುಂಬಿಕೊಂಡು ಹೊರಟಾಗ ಭಾರತ ಅವನ ಮನಸ್ಸಿನಲ್ಲಿರಲಿಲ್ಲ. ಆಸ್ತ್ರಖಾನಿನ ಬಳಿ ತಾರ್ತಾರರು ದೋಚಿದರು. ಸರಕು ಹೋಯಿತು, ಧರ್ಮಗ್ರಂಥಗಳೂ ಹೋದವು. ಊರಿಗೆ ಮರಳಿದರೆ ಸಾಲಗಾರರ ಕಾಟ. ಸಂಗಡಿಗರು ಅತ್ತಿತ್ತ ಚದುರಿದರು. ಈತ ದರ್ಬೆಂತ್, ಬಾಕು ದಾಟಿ, ಪರ್ಷಿಯಾದ ಊರೂರು ಅಲೆದು, ಹೋರ್ಮುಜ್ ದ್ವೀಪವನ್ನು ತಲುಪಿದನು. ಅಲ್ಲಿಂದ ಒಂದು ಗಂಡು ಕುದುರೆಯನ್ನು ಹಡಗೇರಿಸಿಕೊಂಡು ಹಿಂದೂಸ್ಥಾನದ ಕಡೆಗೆ ಹೊರಟನು. ಆ ಕುದುರೆಯನ್ನು ಇಲ್ಲಿಗೆ ತರುವಷ್ಟರಲ್ಲಿ ನೂರು ರೂಬಲ್ ಖರ್ಚಾಯಿತೆಂದು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ. ಭಾರತದಲ್ಲಿ ಎತ್ತು ಎಮ್ಮೆಗಳು ಹುಟ್ಟುತ್ತವೆ, ಕುದುರೆ ಹುಟ್ಟುವುದಿಲ್ಲ ಎಂಬುದು ಅವನ ತಿಳಿವಳಿಕೆ. ಅಂದರೆ ಅವನ ಇಡೀ ಬಂಡವಾಳ, ಅವನ ಸಾಲ ತೀರುವ ದಾರಿ, ಎಲ್ಲವೂ ಆ ನಾಲ್ಕು ಕಾಲಿನ ಮೇಲೆ ನಿಂತಿತ್ತು.

ಹಳೆಯ ಪುಸ್ತಕಗಳು ಅವನು ಬಂದದ್ದು 1469ರಲ್ಲಿ ಎನ್ನುತ್ತವೆ. ಈಚಿನ ರಷ್ಯನ್ ವಿದ್ವಾಂಸರು 1471 ಎಂದು ತಿದ್ದಿದ್ದಾರೆ. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಅದಕ್ಕೆ ಒಂದು ಸಣ್ಣ ಲೆಕ್ಕವೂ ಇದೆ. ನಿಕಿತಿನ್ ಈಸ್ಟರ್ ಹಬ್ಬದ ಮುಂದಿನ ವಾರ ಹೋರ್ಮುಜ್ ಬಿಟ್ಟನು. ಆರು ವಾರ ಕಡಲಿನಲ್ಲಿದ್ದು ಚೌಲ ತಲುಪಿದನು. ಚಳಿಗಾಲವು (ಮಳೆಗಾಲವನ್ನು ಆತ ತನ್ನ ದೇಶದ ರೂಢಿಯಂತೆ ಚಳಿಗಾಲವೆಂದೇ ಕರೆಯುತ್ತಾನೆ) ಟ್ರಿನಿಟಿ ಹಬ್ಬದಿಂದ, ಅಂದರೆ ಈಸ್ಟರ್‌ನಿಂದ ಐವತ್ತನೆಯ ದಿನದಿಂದ ಹಿಡಿಯಿತೆನ್ನುತ್ತಾನೆ. 1471ರಲ್ಲಿ ಆ ದಿನ ಈಗಿನ ಕ್ಯಾಲೆಂಡರಿನ ಪ್ರಕಾರ ಜೂನ್ 11ಕ್ಕೆ ಬೀಳುತ್ತದೆ. ಕೊಂಕಣದಲ್ಲಿ ಮಳೆ ಹಿಡಿಯುವ ದಿನವೇ ಅದು. 1469 ಎಂದು ಹಿಡಿದರೆ ಮೇ 30 ಆಗುತ್ತದೆ, ಸ್ವಲ್ಪ ಬೇಗವಾಯಿತು. ಎರಡರಲ್ಲಿ ಯಾವುದೇ ಇರಲಿ, ಹಡಗಿನಿಂದ ಕುದುರೆ ಇಳಿಸಿದ್ದಕ್ಕೂ ಮೋಡ ಒಡೆದದ್ದಕ್ಕೂ ಬಹಳ ಅಂತರವಿರಲಾರದು. ಆ ವರ್ಷದ ಕೊನೆಯ ಹಡಗುಗಳಲ್ಲಿ ಒಂದರಲ್ಲಿ ಅವನು ಬಂದಿರಬೇಕು.

ಚೌಲದಲ್ಲಿ ಜನ ಗುಂಪುಗೂಡಿ ಈ ಬಿಳಿಯ ಮನುಷ್ಯನ ಹಿಂದೆ ನಡೆದರಂತೆ. ಅವನಿಗೋ ಅರೆಬೆತ್ತಲೆಯ, ಬರಿದಲೆಯ ಜನರನ್ನು ಕಂಡು ಅಷ್ಟೇ ಆಶ್ಚರ್ಯ. ಅಲ್ಲಿಂದ ಎಂಟು ದಿನ ನಡೆದು ಪಾಲಿ, ಹತ್ತು ದಿನ ನಡೆದು ಉಮ್ರಿ, ಮತ್ತೆ ಆರು ದಿನ ನಡೆದು ಜುನ್ನರ. ಒಟ್ಟು ಇಪ್ಪತ್ತನಾಲ್ಕು ದಿನ. ಮಳೆಯಲ್ಲಿ, ಪಶ್ಚಿಮ ಘಟ್ಟಗಳನ್ನು ಹತ್ತಿ, ನೂರು ರೂಬಲಿನ ಕುದುರೆಯೊಂದಿಗೆ!

ಈ ದಾರಿಯ ಮೊದಲ ತುದಿಯನ್ನು ನೋಡುವ ಯೋಗ ನನಗೆ 2019ರ ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಒದಗಿತ್ತು. ಬೀದರ ಜಿಲ್ಲೆಯ ನಿವೃತ್ತ ಶಿಕ್ಷಕರು ಇಪ್ಪತ್ತೆಂಟು ಜನ ಸೇರಿ ಬಸ್ಸೊಂದನ್ನು ಗೊತ್ತುಮಾಡಿಕೊಂಡು ಕೊಂಕಣದ ಕರಾವಳಿ ಪ್ರವಾಸ ಹೊರಟಿದ್ದೆವು. ಸೋಲಾಪುರ, ಪುಣೆ ಮಾರ್ಗವಾಗಿ ಆಲಿಬಾಗ್. ಅಲ್ಲಿಂದ ದಕ್ಷಿಣಕ್ಕೆ ಚೌಲ, ರೇವದಂಡಾ, ಮುರುಡ, ಜಂಜೀರಾ, ದಾಪೋಲಿ, ದಾಭೋಳ. ಗಣಪತಿ ಹಬ್ಬದ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆಂದು ಪ್ರವಾಸದ ಏರ್ಪಾಡು ಮಾಡಿದವರು ಭರವಸೆ ಕೊಟ್ಟಿದ್ದರು. ಆ ವಾರ ರಾಯಗಡ ಜಿಲ್ಲೆಯಲ್ಲಿ ಸುರಿದ ಮಳೆಯನ್ನು ನೋಡಿದವರು ಮರೆಯಲಾರರು. ರೇವದಂಡಾದಲ್ಲಿ ಒಂದು ಹಗಲು ಒಂದು ರಾತ್ರಿ ಬಸ್ಸು ನಿಂತ ಜಾಗದಿಂದ ಕದಲಲಿಲ್ಲ. ಜಂಜೀರಾ ಕೋಟೆಗೆ ದೋಣಿಗಳಿಲ್ಲವೆಂದು ಸುದ್ದಿ ಬಂತು. ನಮ್ಮ ಗಣಿತದ ಮೇಷ್ಟ್ರು ಕಟ್ಟಿದ ಹಣದಲ್ಲಿ ಎಷ್ಟು ಮರಳಿ ಬರಬೇಕೆಂಬುದನ್ನು ತ್ರೈರಾಶಿಯಲ್ಲಿ ಬಿಡಿಸುತ್ತ ಕುಳಿತರು. ಹೆಣ್ಣುಮಕ್ಕಳು ಕಟ್ಟಿ ತಂದಿದ್ದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳನ್ನು ಬಿಚ್ಚಿದರು.

ಮಧ್ಯಾಹ್ನ ಸ್ವಲ್ಪ ಹೊಳವಾದಾಗ ಐದಾರು ಜನ ಕೊಡೆ ಹಿಡಿದು ಹೊರಬಿದ್ದೆವು. ರೇವದಂಡಾದ ಶಾಲೆಯೊಂದರ ಆವರಣದಲ್ಲಿ ನಿಕಿತಿನ್‌ನ ಸ್ಮಾರಕ ಸ್ತಂಭವಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ನಿಲ್ಲಿಸಿದ್ದು. ಪರದೇಶಿಯ ಸ್ಮಾರಕಕ್ಕೆ ಶಾಲೆಯ ಅಂಗಳಕ್ಕಿಂತ ಉತ್ತಮ ಸ್ಥಳ ಸಿಗಲಾರದೆಂದು ನಮಗೆಲ್ಲ ಅನಿಸಿತು (ಶಿಕ್ಷಕರಿಗೆ ಹಾಗೆ ಅನಿಸದೆ ಇನ್ನು ಯಾರಿಗೆ ಅನಿಸಬೇಕು!). ಪೋರ್ತುಗೀಜರ ಕೋಟೆಗೋಡೆಯ ಆಚೆ ಕಡಲು ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ಹತ್ತಿರದ ಚೌಲದ ರಾಮೇಶ್ವರ ದೇವಾಲಯದಲ್ಲಿ ಅಗ್ನಿಕುಂಡ, ವಾಯುಕುಂಡ, ಪರ್ಜನ್ಯಕುಂಡವೆಂಬ ಮೂರು ಕುಂಡಗಳಿವೆ. ಮಳೆ ಕೈಕೊಟ್ಟ ವರ್ಷ ಪರ್ಜನ್ಯಕುಂಡವನ್ನು ತೆರೆದು ಪ್ರಾರ್ಥಿಸುವುದು ಅಲ್ಲಿಯ ಸಂಪ್ರದಾಯ. ಅಂದು ಅದನ್ನು ತೆರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಸಂಜೆ ವಸತಿಗೃಹದ ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದಾಗ, ಆ ಸ್ತಂಭದ ಮನುಷ್ಯ ಯಾರು, ಅವನಿಗೂ ನಮ್ಮ ಬೀದರಿಗೂ ಏನು ಎಂಬ ಪ್ರಶ್ನೆ ಬಂತು. ನಾನು ಜುನ್ನರಿನ ಕಥೆಯನ್ನು ಹೇಳಿದೆ.

ಜುನ್ನರ ಬಂಡೆಯ ಮೇಲಿನ ಊರು. ಅದನ್ನು ಯಾರೂ ಕಟ್ಟಿಲ್ಲ, ದೇವರೇ ಕಟ್ಟಿದ್ದು ಎಂದು ನಿಕಿತಿನ್ ಬರೆಯುತ್ತಾನೆ. ಮೇಲೇರಲು ಒಂದು ದಿನ ಬೇಕು, ಇಬ್ಬರು ಒಟ್ಟಿಗೆ ನಡೆಯುವಷ್ಟು ಅಗಲವೂ ದಾರಿಗಿಲ್ಲ. (ಇದೇ ಜುನ್ನರಿನ ಶಿವನೇರಿ ಕೋಟೆಯಲ್ಲಿ ಮುಂದೆ 1630ರಲ್ಲಿ ಶಿವಾಜಿ ಮಹಾರಾಜರು ಜನಿಸಿದರು.) ಅಲ್ಲಿ ಅವನು ಎರಡು ತಿಂಗಳು ಮಳೆಯಿಂದ ಕಟ್ಟಿಬಿದ್ದನು. ನಾಲ್ಕು ತಿಂಗಳು ಹಗಲಿರುಳು ಎಲ್ಲೆಡೆ ನೀರು ಮತ್ತು ಕೆಸರು ಎಂದು ಬೇಸರದಿಂದ ಹೇಳುವ ಆತ, ಮರುಕ್ಷಣವೇ ಆ ಕೆಸರಿನಲ್ಲಿ ಜನ ಏನು ಮಾಡುತ್ತಿದ್ದಾರೆಂದು ನೋಡುತ್ತಾನೆ. ಅವರು ಉಳುತ್ತಿದ್ದಾರೆ, ಬಿತ್ತುತ್ತಿದ್ದಾರೆ. ತನಗೆ ನಷ್ಟದ ಕಾಲವಾದದ್ದು ಇಲ್ಲಿಯವರಿಗೆ ಬದುಕಿನ ಕಾಲವೆಂಬುದನ್ನು ಆತ ಗಮನಿಸಿದ್ದು ನನಗೆ ಬಹಳ ಹಿಡಿಸಿದ ಸಂಗತಿ. ಛತ್ರಗಳಲ್ಲಿ ಅತಿಥಿಗಳಿಗೆ ಮನೆಯೊಡತಿಯರು ಅಡುಗೆ ಮಾಡಿಕೊಡುತ್ತಾರೆ, ತೆಂಗಿನಕಾಯಿಯಲ್ಲಿ ಮದ್ಯ ಮಾಡುತ್ತಾರೆ, ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ತುಪ್ಪ ಹಾಕಿದ ಖಿಚಡಿ ತಿನ್ನಿಸುತ್ತಾರೆ ಎಂದೆಲ್ಲ ಬರೆಯುತ್ತಾನೆ. ಕುದುರೆಗೆ ತುಪ್ಪದ ಖಿಚಡಿ! ಮಾರಾಟವಾಗದ ಪ್ರಾಣಿಗೆ ಎರಡು ತಿಂಗಳು ಇಂಥ ರಾಜೋಪಚಾರ ಮಾಡಬೇಕಾದ ಸಾಲಗಾರನ ಸಂಕಟವನ್ನು ಓದುಗರು ಊಹಿಸಿಕೊಳ್ಳಬೇಕು.

ಜುನ್ನರಿನ ಅಧಿಪತಿ ಅಸದ್ ಖಾನ್. ಆನೆ ಕುದುರೆಗಳು ಬೇಕಾದಷ್ಟಿದ್ದರೂ ಮನುಷ್ಯರ ಹೆಗಲ ಮೇಲೆಯೇ ಸಂಚರಿಸುತ್ತಿದ್ದ ಗೃಹಸ್ಥ. ಅವನು ಮಲಿಕ್-ಉತ್-ತುಜ್ಜಾರ್ ಎಂಬ ಬಿರುದುಳ್ಳ ಮಹಮೂದ್ ಗವಾನನ ಅಧೀನ. ಈ ಖಾನನು ನಿಕಿತಿನ್‌ನ ಕುದುರೆಯನ್ನು ಕಿತ್ತುಕೊಂಡನು. ಕುದುರೆಯ ಒಡೆಯ ಮುಸಲ್ಮಾನನಲ್ಲ, ರಷ್ಯಾದವನು ಎಂದು ತಿಳಿದಾಗ ಕರೆಸಿ, ನಮ್ಮ ಮತಕ್ಕೆ ಸೇರಿದರೆ ಕುದುರೆಯನ್ನೂ ಕೊಡುತ್ತೇನೆ, ಮೇಲೆ ಸಾವಿರ ಚಿನ್ನದ ನಾಣ್ಯಗಳನ್ನೂ ಕೊಡುತ್ತೇನೆ. ಸೇರದಿದ್ದರೆ ಕುದುರೆಯೂ ಇಲ್ಲ, ನಿನ್ನ ತಲೆಯ ಮೇಲೆ ಸಾವಿರ ನಾಣ್ಯ ದಂಡ ಎಂದು ಹೇಳಿದನು. ನಾಲ್ಕು ದಿನಗಳ ಗಡುವು. ಆಗಸ್ಟ್ ತಿಂಗಳ ಮೊದಲ ಪಕ್ಷ. ಅವನ ಧರ್ಮದಲ್ಲಿ ಉಪವಾಸದ ದಿನಗಳು. ಹೊರಗೆ ಮಳೆ, ಹೋಗಲು ದಾರಿಯಿಲ್ಲ. ಕೈಯಲ್ಲಿ ಪ್ರಾರ್ಥನೆಯ ಪುಸ್ತಕವೂ ಇಲ್ಲ, ಅದು ವೋಲ್ಗಾ ದಂಡೆಯಲ್ಲಿ ದರೋಡೆಯಾಗಿತ್ತು. ಗಡುವು ಮುಗಿಯುವ ಮುನ್ನ ಊರಿಗೆ ಖುರಾಸಾನಿನ ಖ್ವಾಜಾ ಮುಹಮ್ಮದ್ ಎಂಬವನು ಬಂದನು. ನಿಕಿತಿನ್ ಅವನ ಮುಂದೆ ತಲೆಬಾಗಿ ತನ್ನ ಕಷ್ಟ ತೋಡಿಕೊಂಡನು. ಖ್ವಾಜಾ ಕೋಟೆಗೆ ಹೋಗಿ ಖಾನನೊಡನೆ ಮಾತನಾಡಿ, ಮತಾಂತರದ ಬೇಡಿಕೆಯನ್ನು ಬಿಡಿಸಿ, ಕುದುರೆಯನ್ನೂ ಮರಳಿ ತಂದುಕೊಟ್ಟನು.

ಇಷ್ಟು ಹೇಳಿ ನಿಲ್ಲಿಸಿದಾಗ ಪಡಸಾಲೆಯಲ್ಲಿ ಚರ್ಚೆಯೆದ್ದಿತು. ಹಿರಿಯರೊಬ್ಬರು, “ನೋಡಿದಿರಾ, ಕುದುರೆ ಕಸಿದುಕೊಂಡು ಧರ್ಮ ಬಿಡು ಎಂದರು, ಇದೇ ನಮ್ಮ ಬೀದರಿನ ಇತಿಹಾಸ” ಎಂದರು. ಮೂರ್ನಾಲ್ಕು ಜನ ಹೌದೆಂದು ತಲೆದೂಗಿದರು. ಸ್ವಲ್ಪ ದನಿ ಏರಿತು. ನಮ್ಮೊಡನೆ ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಇಬ್ಬರಿದ್ದರು. ಅವರಲ್ಲೊಬ್ಬರು ಬಹಳ ಹೊತ್ತಿನ ಮೇಲೆ, “ಸರ್, ಬಿಡಿಸಿದವನ ಹೆಸರು ಏನೆಂದಿರಿ?” ಎಂದು ಕೇಳಿದರು. ನಾನು ಮತ್ತೊಮ್ಮೆ ಹೇಳಿದೆ. ಮತ್ತೆ ಯಾರೂ ಆ ವಿಷಯ ಎತ್ತಲಿಲ್ಲ. ಅದು ಒಪ್ಪಿಗೆಯೋ, ಮುಜುಗರವೋ ನಾನು ಹೇಳಲಾರೆ. ಮಳೆಯ ಸದ್ದು ಮಾತ್ರ ಇತ್ತು.

ನಾನು ಈ ಪ್ರಸಂಗವನ್ನು ಬರೆಯುತ್ತಿರುವುದೇ ಈ ಕಾರಣಕ್ಕಾಗಿ. ಖಾನನನ್ನು ಮರೆಮಾಡಿ ಖ್ವಾಜಾನನ್ನು ಮಾತ್ರ ಹೇಳುವ ಇತಿಹಾಸವೊಂದಿದೆ. ಅದು ಎಲ್ಲವೂ ಸೊಗಸಾಗಿತ್ತೆಂದು ಮಕ್ಕಳನ್ನು ನಂಬಿಸುತ್ತದೆ. ಖ್ವಾಜಾನನ್ನು ಅಳಿಸಿ ಖಾನನನ್ನು ಮಾತ್ರ ಹೇಳುವ ಇತಿಹಾಸವೂ ಇದೆ. ಇತ್ತೀಚೆಗೆ ಮೊಬೈಲ್ ಫೋನುಗಳಲ್ಲಿ ಬಂದು ಬೀಳುವುದು ಹೆಚ್ಚಾಗಿ ಅದೇ. ಸಂಕಟ ಪಟ್ಟ ನಿಕಿತಿನ್ ಮಾತ್ರ ಇಬ್ಬರನ್ನೂ ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದಾನೆ. ಅವನಿಗೆ ಕಹಿ ಇರಲಿಲ್ಲವೆಂದಲ್ಲ. ಹಿಂದೂಸ್ಥಾನಕ್ಕೆ ಹೋಗಬಯಸುವ ರಷ್ಯನ್ ಕ್ರೈಸ್ತರು ತಮ್ಮ ಧರ್ಮವನ್ನು ಊರಿನಲ್ಲಿಯೇ ಬಿಟ್ಟು ಹೋಗುವುದು ಲೇಸೆಂದು ಅದೇ ಪುಟದಲ್ಲಿ ಚುಚ್ಚಿ ಹೇಳುತ್ತಾನೆ. ಇಲ್ಲಿ ಬೇಕಾದಷ್ಟು ಸರಕಿದೆಯೆಂದು ಹೇಳಿ ತನ್ನನ್ನು ಮೋಸಗೊಳಿಸಿದ ವರ್ತಕರನ್ನು ನಾಯಿಗಳೆಂದು ಬೈಯುತ್ತಾನೆ. ಆದರೂ ಉಪಕಾರ ಮಾಡಿದವನ ಹೆಸರನ್ನು ಬಿಡಲಿಲ್ಲ.

ಅದೇ ಶತಮಾನದ ಇನ್ನೊಬ್ಬ ಯಾತ್ರಿಕನಿಗೆ ಇಂಥ ಖ್ವಾಜಾ ಸಿಗಲಿಲ್ಲ. ಏಡ್ರಿಯಾಟಿಕ್ ಸಮುದ್ರದ ಅಂಚಿನಲ್ಲಿ, ವೆನಿಸಿನ ಬಳಿಯ ಕಿಯೋಜ್ಜಾ ಊರಿನ ನಿಕೊಲೊ ಕೊಂತಿ 1420ರ ಸುಮಾರಿಗೆ ವಿಜಯನಗರವನ್ನು ಕಂಡವನು. ಇಪ್ಪತ್ತೈದು ವರ್ಷಗಳಷ್ಟು ಕಾಲ ಪೂರ್ವದೇಶಗಳಲ್ಲಿ ಅಲೆದು, ಊರಿಗೆ ಮರಳುವಾಗ, ಹೆಂಡತಿ ಮಕ್ಕಳ ಪ್ರಾಣ ಉಳಿಸಿಕೊಳ್ಳಲು ತನ್ನ ಮತವನ್ನು ಬಿಡಬೇಕಾಯಿತು. ಆದರೂ ಹೆಂಡತಿಯೂ ಇಬ್ಬರು ಮಕ್ಕಳೂ ಈಜಿಪ್ಟಿನಲ್ಲಿ ಪ್ಲೇಗ್ ಬಡಿದು ತೀರಿಕೊಂಡರು. ಕ್ಷಮೆ ಬೇಡಿದ ಅವನಿಗೆ ಪೋಪ್ ನಾಲ್ಕನೆಯ ಯುಜೀನಿಯಸ್ ವಿಧಿಸಿದ ಪ್ರಾಯಶ್ಚಿತ್ತವೆಂದರೆ, ಕಂಡದ್ದನ್ನೆಲ್ಲ ಕಾರ್ಯದರ್ಶಿಯಾದ ಪೊಜ್ಜೊ ಬ್ರಾಚೊಲೀನಿಗೆ ಹೇಳುವುದು ಎಂಬುದಾಗಿ ಪರಂಪರೆಯಿಂದ ಬಂದ ಮಾತು. ವಿಜಯನಗರದ ಬಗ್ಗೆ ಪಾಶ್ಚಾತ್ಯ ಜಗತ್ತಿಗೆ ಮೊದಮೊದಲು ದೊರೆತ ವಿವರಗಳು ಹೀಗೆ ದೊರೆತವು.

ಜುನ್ನರಿನ ಖಾನನಿಗೆ ಮೇಲಧಿಕಾರಿಯಾಗಿದ್ದ ಗವಾನ್ ಆಗ ಎಲ್ಲಿದ್ದನು? 1471 ಎಂಬ ಲೆಕ್ಕ ಸರಿಯಿದ್ದರೆ ಆತನೂ ಅದೇ ಮಳೆಯೊಡನೆ ಹೆಣಗಾಡುತ್ತಿದ್ದನು. 1469ರಲ್ಲಿ ಆರಂಭಿಸಿದ ಕೊಂಕಣದ ದಂಡಯಾತ್ರೆಯಲ್ಲಿ ಖೇಳಣಾ ಕೋಟೆಯನ್ನು (ಇಂದಿನ ವಿಶಾಳಗಡ) ಮುತ್ತಿದ್ದಾಗ ಮಳೆಗಾಲ ಬಂದಿತು. ದಂಡು ಹಿಂದೆಗೆದು ಕೊಲ್ಲಾಪುರದಲ್ಲಿ ಹುಲ್ಲು ಹೊದಿಸಿದ ಗುಡಿಸಲುಗಳನ್ನು ಕಟ್ಟಿಕೊಂಡು ಕುಳಿತಿತು. ಹೀಗೆ ಕುಳಿತದ್ದು ಹೇಡಿತನವಲ್ಲ. 1447ರ ಸುಮಾರಿಗೆ ಇದೇ ಕಾಡಿನಲ್ಲಿ ಅವನ ಹಿಂದಿನ ಮಲಿಕ್-ಉತ್-ತುಜ್ಜಾರ್ ಖಲಫ್ ಹಸನ್ ತನ್ನ ದಂಡಿನೊಂದಿಗೆ ಸರ್ವನಾಶವಾಗಿದ್ದನು. ಘಟ್ಟದ ನೆಲಕ್ಕೆ ಬಯಲುಸೀಮೆಯ ಆತುರ ಸಲ್ಲದೆಂದು ಗವಾನನು ಕಲಿತಿದ್ದನು. ಮಳೆ ಮುಗಿದ ಮೇಲೆ ಮತ್ತೆ ಹೊರಟು, ಕೋಟೆಯನ್ನು ಮಾತಿನಿಂದಲೂ ಹಣದಿಂದಲೂ ಒಲಿಸಿಕೊಂಡು, 1472ರ ಫೆಬ್ರುವರಿ 1ರಂದು ಗೋವಾ ಬಂದರನ್ನು ವಶಪಡಿಸಿಕೊಂಡನು. ಆ ಯುದ್ಧದ ಉದ್ದೇಶವೇ ಸಮುದ್ರದ ಬಾಗಿಲುಗಳು. ಅವುಗಳ ಮೂಲಕ ಬರುವ ಕುದುರೆಗಳು. ಆ ಅರ್ಥದಲ್ಲಿ ಕೊಲ್ಲಾಪುರದ ಗುಡಿಸಲಿನ ವಜೀರನೂ ಜುನ್ನರಿನ ಛತ್ರದ ವರ್ತಕನೂ ಒಂದೇ ವ್ಯಾಪಾರದ ಎರಡು ತುದಿಯಲ್ಲಿದ್ದರು.

ನಿಕಿತಿನ್ ಆಗಸ್ಟ್ ಮಧ್ಯದಲ್ಲಿ ಜುನ್ನರ ಬಿಟ್ಟು, ಒಂದು ತಿಂಗಳು ನಡೆದು, ಹುಬ್ಬ ಉತ್ತರೆ ಮಳೆಗಳ ಹೊತ್ತಿಗೆ ಬೀದರಿಗೆ ಬಂದನು. ಮಳೆ ಸರಿದಂತೆ ಅವನ ಬರಹದ ಬಣ್ಣವೂ ಬದಲಾಗುತ್ತದೆ. ಅಕ್ಟೋಬರಿನಲ್ಲಿ ಆಳಂದದ ಶೇಖ್ ಅಲಾವುದ್ದೀನರ ಜಾತ್ರೆ. (ಲಾಡ್ಲೆ ಮಶಾಯಖರ ದರ್ಗಾ ಎಂದು ನಾವೆಲ್ಲ ಬಲ್ಲದ್ದು ಅದೇ.) ಅಲ್ಲಿಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಹೇಳುತ್ತಾನೆ. ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ಅದು ಸಣ್ಣ ಸಂತೆಯಲ್ಲ. ಜಾತ್ರೆ ಮಳೆಗಾಲದ ಬೆನ್ನಿಗೇ ಬರುವುದನ್ನು ಗಮನಿಸಬೇಕು. ಆಳಂದದಲ್ಲಿ ಗುಕುಕ್ ಎಂಬ ಹಕ್ಕಿ ಇರುಳಿನಲ್ಲಿ ಕೂಗುತ್ತ ಹಾರುತ್ತದೆ, ಅದು ಕುಳಿತ ಮನೆಯಲ್ಲಿ ಸಾವು ಆಗುತ್ತದೆ ಎಂದೂ ಬರೆದಿದ್ದಾನೆ. ನಮ್ಮ ಗೂಗೆಯಲ್ಲದೆ ಮತ್ತೇನು? ನಮ್ಮ ಅಜ್ಜಿಯರ ನಂಬಿಕೆಯೊಂದು ಐದೂವರೆ ಶತಮಾನಗಳ ಹಿಂದೆ ರಷ್ಯನ್ ಭಾಷೆಯಲ್ಲಿ ದಾಖಲಾಗಿದೆ ಎಂದರೆ ಸಂತೋಷವಾಗದೆ ಇರುತ್ತದೆಯೇ!

ಬೀದರಿನ ಅರಮನೆಗೆ ಏಳು ದ್ವಾರಗಳು, ಪ್ರತಿ ದ್ವಾರದಲ್ಲಿ ನೂರು ಕಾವಲುಗಾರರು, ಒಳಗೆ ಹೋಗುವವರ ಹೊರಗೆ ಬರುವವರ ಹೆಸರು ಬರೆದುಕೊಳ್ಳುವ ನೂರು ಹಿಂದೂ ಕರಣಿಕರು. ಸುಲ್ತಾನ ಇಪ್ಪತ್ತರ ಹರೆಯದವನು. ಆಡಳಿತ ನಡೆಸುವವರು ಖುರಾಸಾನಿಗಳು. ಇರುಳು ಕೊತ್ವಾಲನ ಸಾವಿರ ಜನ ಪಂಜು ಹಿಡಿದು ಕುದುರೆಯ ಮೇಲೆ ಗಸ್ತು ತಿರುಗುತ್ತಾರೆ. ಬೀದಿಗಳಲ್ಲಿ ಮಾರುದ್ದದ ಹಾವುಗಳು. ಶ್ರೀಮಂತರನ್ನು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೊರುತ್ತಾರೆ, ಹಳ್ಳಿಗರು ಬಲು ಬಡವರು. ಈ ಕೊನೆಯ ವಾಕ್ಯವನ್ನು ದರಬಾರಿನ ಇತಿಹಾಸಕಾರರು ಬರೆಯಲಿಲ್ಲ; ಹೊರಗಿನವನೊಬ್ಬ ಬರೆಯಬೇಕಾಯಿತು. ಜನವಾಡದಂಥ ನಮ್ಮ ಊರುಗಳಿಗೆ ಆ ಕಾಲದ ಚರಿತ್ರೆಯಲ್ಲಿ ದೊರೆತ ಸ್ಥಾನ ಆ ಅರ್ಧ ವಾಕ್ಯವೇ.

ಕುದುರೆ ಕೊನೆಗೂ ಬೀದರಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಮಾರಾಟವಾಯಿತು. ಒಂದು ವರ್ಷ ಸಾಕಿದ ಲೆಕ್ಕದಲ್ಲಿ ಅದರ ಮೇಲೆ 68 ಫುತುನ್ ಖರ್ಚಾಯಿತೆಂದು ಬರೆದಿದ್ದಾನೆ. (ಫುತುನ್ ಎಂದರೆ ನಮ್ಮ ‘ಹಣ’ ಎಂಬ ನಾಣ್ಯವೆಂದು ವಿದ್ವಾಂಸರು ಊಹಿಸುತ್ತಾರೆ.) ಆ ದಿನಗಳಲ್ಲಿಯೇ ಅವನು ಬೀದರಿನ ಹಿಂದೂಗಳೊಂದಿಗೆ ಸ್ನೇಹ ಬೆಳೆಸಿದನು. ಅಲ್ಲಿಯವರೆಗೆ ಖ್ವಾಜಾ ಯೂಸುಫ್ ಖುರಾಸಾನಿ ಎಂಬ ಹೆಸರು ಹೇಳಿಕೊಂಡು ತಿರುಗುತ್ತಿದ್ದವನು, ತಾನು ಮುಸಲ್ಮಾನನಲ್ಲ, ಅಫನಾಸಿ ಎಂಬ ಕ್ರೈಸ್ತನೆಂದು ಅವರ ಮುಂದೆ ಬಾಯಿಬಿಟ್ಟನು. ಅದಾದ ಮೇಲೆ ಅವರು ಅವನಿಂದ ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ ಮರೆಮಾಚಲಿಲ್ಲ, ಹೆಂಡಿರನ್ನೂ ಮರೆಯಲ್ಲಿರಿಸಲಿಲ್ಲ. ಶಿವರಾತ್ರಿಗೆ ಅವರೊಂದಿಗೆ ಒಂದು ತಿಂಗಳು ನಡೆದು ಶ್ರೀಶೈಲಕ್ಕೂ ಹೋಗಿಬಂದನು. ಪರ್ವತದ ಮಲ್ಲಯ್ಯನಿಗೆ ನಡೆದುಕೊಂಡು ಹೋಗುವ ನಮ್ಮ ಜಿಲ್ಲೆಯ ಭಕ್ತರ ಗುಂಪಿನಲ್ಲಿ ಒಬ್ಬ ರಷ್ಯನ್! ಅಲ್ಲಿ ಕಂಡ ನಂದಿಯನ್ನೂ ಶಿಲ್ಪಗಳನ್ನೂ ತನಗೆ ತಿಳಿದಂತೆ ವಿವರಿಸಿದ್ದಾನೆ. ಪುಸ್ತಕಗಳಿಲ್ಲದ್ದರಿಂದ ತನ್ನ ಈಸ್ಟರ್ ಎಂದು ಬರುತ್ತದೆಂಬ ಲೆಕ್ಕವೇ ತಪ್ಪಿಹೋಯಿತೆಂದು ಕಣ್ಣೀರು ಹಾಕಿದ್ದೂ ಇದೇ ದೇಶದಲ್ಲಿ. ಮುಸಲ್ಮಾನರು ರೋಜಾ ಹಿಡಿದಾಗ ಅವರೊಂದಿಗೆ ತಾನೂ ಉಪವಾಸವಿದ್ದನು.

ಕಡೆಗೆ ಅವನು ಹಡಗು ಹತ್ತಿದ್ದು ದಾಭೋಳದಲ್ಲಿ. ಗವಾನನು ಇಳಿದ ಅದೇ ಬಂದರಿನಲ್ಲಿ. ಹೋರ್ಮುಜ್‌ವರೆಗಿನ ಪ್ರಯಾಣಕ್ಕೆ ಎರಡು ಚಿನ್ನದ ನಾಣ್ಯ ಕೊಟ್ಟನು. ಗಾಳಿ ಹಡಗನ್ನು ಆಫ್ರಿಕದ ಇಥಿಯೋಪಿಯಾ ದಂಡೆಗೆ ಒಯ್ದಿತು. ಅಲ್ಲಿಂದ ಹೋರ್ಮುಜ್, ಪರ್ಷಿಯಾ, ಟ್ರೆಬಿಜಾಂಡ್, ಕಪ್ಪು ಸಮುದ್ರ ದಾಟಿ ಕ್ರಿಮಿಯಾದ ಕಾಫಾ ಬಂದರು ತಲುಪಿದನು. ಕ್ಯಾಸ್ಪಿಯನ್, ಅರಬ್ಬಿ, ಕಪ್ಪು ಸಮುದ್ರಗಳನ್ನು ದಾಟಿದ್ದರಿಂದ ಅವನ ಬರಹಕ್ಕೆ ‘ಮೂರು ಸಮುದ್ರಗಳಾಚೆಯ ಪಯಣ’ ಎಂಬ ಹೆಸರು ಬಂದಿದೆ. ಊರು ಸೇರಲಿಲ್ಲ, ಸ್ಮೊಲೆನ್ಸ್ಕ್ ತಲುಪುವ ಮುನ್ನವೇ ತೀರಿಕೊಂಡನು. ಬೀದರಿನ ವಜೀರನೂ ನೆಮ್ಮದಿಯ ಮರಣ ಕಾಣಲಿಲ್ಲ. ಕೂಟಪತ್ರವೊಂದನ್ನು ನಂಬಿದ ಸುಲ್ತಾನನ ಆಜ್ಞೆಯಂತೆ 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ಅವನ ಶಿರಚ್ಛೇದವಾಯಿತು.

ನಿಕಿತಿನ್‌ನ ಕೈಬರಹದ ಹಾಳೆಗಳನ್ನು ವರ್ತಕರು ಮಾಸ್ಕೋಗೆ ತಂದು, ವಾಸಿಲಿ ಮಾಮಿರೇವ್ ಎಂಬ ಅಧಿಕಾರಿಗೆ ಒಪ್ಪಿಸಿದರು. 1475ರ ವಾರ್ತೆಗಳ ಕೆಳಗೆ ಅವು ರಷ್ಯದ ಚರಿತ್ರೆಯ ಗ್ರಂಥದಲ್ಲಿ ಸೇರಿದವು. ಹಾಳೆಗಳ ಕೊನೆಯಲ್ಲಿರುವುದು ಒಂದು ಪ್ರಾರ್ಥನೆ. ಅದು ರಷ್ಯನ್ ಭಾಷೆಯಲ್ಲಿಲ್ಲ. ಬಂದರುಗಳಲ್ಲಿ, ಛತ್ರಗಳಲ್ಲಿ, ಕುದುರೆ ಸಂತೆಗಳಲ್ಲಿ ಕಲಿತ ತುರ್ಕಿ, ಪಾರಸಿ, ಅರಬ್ಬಿಗಳು ಕಲಸಿಹೋದ ಮಾತಿನಲ್ಲಿ, ದೇವರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತ ಹೋಗುತ್ತದೆ. ಅವನು ಕೊನೆಗೆ ಯಾವ ಮತದವನಾಗಿ ಸತ್ತನೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ.